ಕಬ್ಬಿನ ಗಾಡಿಗೆ ಎಂಟು ಅಂಕ: ಸಿವಿಲ್ ಮುಗಿಸಿದವರಿಗೆ ರಸ್ತೆಯೋ, ಟ್ರಾಫಿಕ್ಕೋ, ನಗರ ಯೋಜನೆಯೋ?

ಮಂಡ್ಯದಲ್ಲಿ ಬಿ.ಇ. ಓದುವಾಗ ನಮ್ಮನ್ನು ಟ್ರಾಫಿಕ್ ಎಣಿಸಲು ಬೆಂಗಳೂರು–ಮೈಸೂರು ಹಳೇ ರಸ್ತೆಯ ಪಕ್ಕ ಕೂರಿಸಿದ್ದರು. ಬೆಳಗ್ಗೆ ಎಂಟರಿಂದ ಹತ್ತು. ತೊಡೆ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಹದಿನೈದು ನಿಮಿಷಕ್ಕೊಂದು ಸಾಲು. ನಾಲ್ಕು ಕಡ್ಡಿ ಗೀಚಿ ಐದನೆಯದನ್ನು ಅಡ್ಡ ಎಳೆಯಬೇಕು. ಕಬ್ಬು ಕಡಿಯುವ ಕಾಲ ಬೇರೆ. ಕಾರ್ಖಾನೆ ಕಡೆಗೆ ಎತ್ತಿನ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಗೆಳೆಯ ಪೆನ್ನು ಎತ್ತಿ ಹಿಡಿದು ಕೇಳಿದ, "ಇದ್ನ ಯಾವ ಕಾಲಂಗೆ ಹಾಕ್ಲಾ?"

ಹಾಳೆಯಲ್ಲಿ ಗಾಡಿಗೆ ಕಾಲಮ್ಮೇ ಇರಲಿಲ್ಲ. ಮಾರನೇ ದಿನ ಮೇಷ್ಟ್ರು ಐ.ಆರ್.ಸಿ. (ಇಂಡಿಯನ್ ರೋಡ್ಸ್ ಕಾಂಗ್ರೆಸ್) 64 ಎಂಬ ಮಾರ್ಗಸೂಚಿಯ ಕೋಷ್ಟಕ ತೆಗೆದು ತೋರಿಸಿದರು. ಕಾರಿಗೆ 1, ಬೈಕಿಗೆ 0.5, ಬಸ್ಸು ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ಇಡೀ ಕ್ಲಾಸು ನಕ್ಕಿತು. ಒಂದು ಗಾಡಿ ಎಂಟು ಕಾರಿಗೆ ಸಮ! ಆದರೆ ಅರ್ಥ ಸರಳ: ಗಾಡಿ ನಿಧಾನವಾಗಿ ಹೋಗುತ್ತದೆ, ಹಿಂದೆ ಬರುವವರನ್ನೆಲ್ಲ ತಡೆದು ನಿಲ್ಲಿಸುತ್ತದೆ, ಆ ತಡೆಗೆ ಕೊಟ್ಟ ಅಂಕ ಅದು. ಪಿ.ಸಿ.ಯು. (ಪ್ಯಾಸೆಂಜರ್ ಕಾರ್ ಯೂನಿಟ್) ಅನ್ನುವುದು ಇದನ್ನೇ.

ಅದೇ ಗಾಡಿಯನ್ನು ರಸ್ತೆ ವಿನ್ಯಾಸ ಮಾಡುವ ಪೇವ್‌ಮೆಂಟ್ ಎಂಜಿನಿಯರ್ ಮುಂದಿಟ್ಟರೆ ಅಂಕ ಸೊನ್ನೆ. ಅವರ ಲೆಕ್ಕಕ್ಕೆ ಬರುವುದು ಮೂರು ಟನ್ ಮತ್ತು ಅದಕ್ಕಿಂತ ಹೆಚ್ಚು ತೂಗುವ ವಾಣಿಜ್ಯ ವಾಹನಗಳು ಮಾತ್ರ. ನಿಮ್ಮ ಬೈಕು, ಅಪ್ಪನ ಕಾರು, ಕಬ್ಬಿನ ಗಾಡಿ ಎಲ್ಲ ಡಾಂಬರಿಗೆ ನೊಣ ಕೂತ ಹಾಗೆ. ಇನ್ನು ನಗರ ಯೋಜಕರ ಕೈಗೆ ಕೊಟ್ಟರೆ ಅವರು ಅಂಕವನ್ನೇ ಕೇಳುವುದಿಲ್ಲ. 'ಈ ಗಾಡಿ ಊರೊಳಗೆ ಯಾಕೆ ಬರ್ತಿದೆ?' ಎಂದು ಕೇಳುತ್ತಾರೆ. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ 1933ರಲ್ಲಿ ಸ್ಥಾಪನೆಯಾದದ್ದು. ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಕಾರ್ಖಾನೆ ಊರೊಳಗೆ ಬಂದದ್ದಲ್ಲ, ಊರು ಕಾರ್ಖಾನೆಯ ಸುತ್ತ ಬೆಳೆದದ್ದು.

ಪ್ರತಿ ವರ್ಷ ಮಾರ್ಚಿನಲ್ಲಿ ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದಿಬ್ಬರು ಹುಡುಗರು, ಈಚೆಗೆ ಹುಡುಗಿಯರೇ ಹೆಚ್ಚು, ಬಂದು ಕೇಳುತ್ತಾರೆ: "ಸಾರ್, ಟ್ರಾನ್ಸ್‌ಪೋರ್ಟೇಷನ್ ತಗೊಳ್ಲಾ, ಅರ್ಬನ್ ಪ್ಲಾನಿಂಗ್ ತಗೊಳ್ಲಾ?" ಎರಡರಲ್ಲಿ ಒಂದು ಎಂದುಕೊಂಡು ಬರುತ್ತಾರೆ, ಆದರೆ ಇರುವುದು ಮೂರು. ಟ್ರಾನ್ಸ್‌ಪೋರ್ಟೇಷನ್ ಎಂಬ ಒಂದೇ ಹೆಸರಿನ ಕೆಳಗೆ ರಸ್ತೆ ಕಟ್ಟುವ ವಿದ್ಯೆ ಒಂದು, ರಸ್ತೆ ಮೇಲಿನ ಓಡಾಟದ ವಿದ್ಯೆ ಇನ್ನೊಂದು ಸೇರಿಕೊಂಡಿವೆ. ಬಿ.ಇ.ಯಲ್ಲಿ ಹೈವೇ ಎಂಜಿನಿಯರಿಂಗ್ ಎಂದು ಓದಿದ್ದರಲ್ಲಿ ಹೆಚ್ಚಿನ ಪಾಲು ಮೊದಲನೆಯದು. ಡಾಂಬರಿನ ಮಾರ್ಷಲ್ ಟೆಸ್ಟು, ಡಕ್ಟಿಲಿಟಿ ಪರೀಕ್ಷೆ, ಸವೆತ ನೋಡಲು ಲಾಸ್ ಏಂಜಲೀಸ್ ಡ್ರಮ್ಮಿನಲ್ಲಿ ಜಲ್ಲಿ ಗಡಗಡ ತಿರುಗಿಸಿದ್ದು ಮಾಡಿ ಬೇಜಾರಾದವರು 'ಟ್ರಾನ್ಸ್‌ಪೋರ್ಟ್ ಬೇಡಪ್ಪ' ಎಂದು ಪ್ಲಾನಿಂಗಿಗೆ ಓಡುತ್ತಾರೆ. ಬೇಡವಾದದ್ದು ಡಾಂಬರು, ಬಿಟ್ಟುಹೋದದ್ದು ಟ್ರಾಫಿಕ್ಕು. ಈ ತಪ್ಪನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮಣ್ಣಿನ ಕಡೆಯವರು

ಪೇವ್‌ಮೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಇಷ್ಟಪಡುವವರಿಗೆ ಅದು ಇಷ್ಟ ಎಂಬುದು ಲ್ಯಾಬಿನಲ್ಲೇ ಗೊತ್ತಾಗಿರುತ್ತದೆ. ಉತ್ತರ ಮಿಲಿಮೀಟರಿನಲ್ಲಿ ಬರುತ್ತದೆ: ತಳಕ್ಕೆ ಇಷ್ಟು ಜಿ.ಎಸ್.ಬಿ. (ಜಲ್ಲಿ-ಮರಳಿನ ಪದರ), ಅದರ ಮೇಲೆ ಇಷ್ಟು ವೆಟ್ ಮಿಕ್ಸ್ (ನೀರು ಬೆರೆಸಿ ಹಾಕಿದ ಜಲ್ಲಿ), ಮೇಲೆ ಇಷ್ಟು ಡಾಂಬರು. ರಸ್ತೆ ಪದರಗಳ ವಿನ್ಯಾಸದ ಮಾರ್ಗಸೂಚಿ ಐ.ಆರ್.ಸಿ. 37 ತೆರೆದು, ಐ.ಐ.ಟಿ.ಪೇವ್ ತಂತ್ರಾಂಶದಲ್ಲಿ ಪದರಗಳ ಒತ್ತಡ ನೋಡಿ, ಪಾಸೋ ಫೇಲೋ ಹೇಳಬಹುದು. ಗಣಿತದಲ್ಲಿ ಒಂದು ಸೊಗಸೂ ಇದೆ. ಚಕ್ರಗಳ ಇರುಸಿನ, ಅಂದರೆ ಆಕ್ಸಲ್‌ನ, ಪ್ರಮಾಣದ ಹೊರೆ 80 ಕಿಲೋನ್ಯೂಟನ್. ಆ ತೂಕ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಇಮ್ಮಡಿಯಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಮಿತಿಮೀರಿ ಜಲ್ಲಿ ತುಂಬಿದ ಒಂದು ಟಿಪ್ಪರ್ ಊರಿನ ರಸ್ತೆಗೆ ಏನು ಮಾಡುತ್ತದೆ ಎಂಬುದು ಈ ಒಂದು ಅಂಕಿಯಲ್ಲೇ ಇದೆ.

ಆದರೆ ಇಲ್ಲಿ ಅವಸರ ನಡೆಯುವುದಿಲ್ಲ. ನಾನು ಮೊದಲು ಎರಡು ವರ್ಷ ಇದ್ದದ್ದು ಒಬ್ಬ ರಸ್ತೆ ಗುತ್ತಿಗೆದಾರರ ಹತ್ತಿರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಗದ್ದೆ ಬಯಲಿನಲ್ಲಿ ಒಂದು ಸಣ್ಣ ರಸ್ತೆ. ಮಣ್ಣಿನ ತಾಕತ್ತು ಅಳೆಯುವ ಸಿ.ಬಿ.ಆರ್. ಪರೀಕ್ಷೆಗೆ ಮಣ್ಣಿನ ಅಚ್ಚನ್ನು ನಾಲ್ಕು ದಿನ, ಅಂದರೆ 96 ಗಂಟೆ, ನೀರಿನಲ್ಲಿ ನೆನೆಸಬೇಕು. ಹಬ್ಬದ ವಾರ, ಊರಿಗೆ ಹೋಗುವ ಆಸೆ. ಎರಡನೇ ದಿನವೇ ಅಚ್ಚು ಮೇಲೆತ್ತಿ ಒತ್ತಿದೆ. ಅಂಕಿ ಚೆನ್ನಾಗಿ ಬಂತು. ನಾಲೆಗೆ ನೀರು ನಿಂತಿದ್ದ ಬೇಸಿಗೆಯಲ್ಲಿ ಗದ್ದೆ ಬಿರುಕುಬಿಟ್ಟು ಕಲ್ಲಿನ ಹಾಗಿತ್ತು, ಯಾರಿಗೂ ಅನುಮಾನ ಬರಲಿಲ್ಲ. ನೀರು ಬಿಟ್ಟರು, ನಾಟಿ ಮುಗಿಯಿತು, ಎರಡೂ ಕಡೆ ಗದ್ದೆ ತುಂಬಿ ನಿಂತಿತು. ಮುಂದಿನ ಸುಗ್ಗಿಗೆ ಚಕ್ರ ಹೋಗುವ ಜಾಗದಲ್ಲಿ ರಸ್ತೆ ತಟ್ಟೆಯ ಹಾಗೆ ಕುಸಿದಿತ್ತು. ತಪ್ಪು ನನ್ನದೇ. ಈಗಲೂ ಆ ಕಡೆ ಹೋದರೆ ಕಾರು ನಿಧಾನ ಮಾಡುತ್ತೇನೆ.

ಮಣ್ಣು, ನೀರು, ಸೈಟು, ಬಿಸಿಲು ಒಗ್ಗುವವರು, ಮಾಡಿದ ಕೆಲಸ ಕಣ್ಣಿಗೆ ಕಾಣಲಿ ಎನ್ನುವವರು ಇದನ್ನೇ ಆರಿಸಿಕೊಳ್ಳಿ. ಕೆಲಸಕ್ಕೂ ಬರವಿಲ್ಲ, ಹಾಕಿದ ರಸ್ತೆ ಮತ್ತೆ ಮತ್ತೆ ಹಾಕಲೇಬೇಕಲ್ಲ.

ಸೆಕೆಂಡಿನ ಕಡೆಯವರು

ಟ್ರಾಫಿಕ್ ಎಂಜಿನಿಯರಿಂಗ್ ಮತ್ತು ಸಾರಿಗೆ ಯೋಜನೆ ನನ್ನ ಹೊಟ್ಟೆಪಾಡು, ಹಾಗಾಗಿ ಇದರ ಬಗ್ಗೆ ಒಂದೆರಡು ಮಾತು ಜಾಸ್ತಿಯಾದರೆ ಸಹಿಸಿಕೊಳ್ಳಿ.

ಇಲ್ಲಿ ಉತ್ತರ ಸೆಕೆಂಡಿನಲ್ಲಿ, ಜನರಲ್ಲಿ, ಗಾಡಿಗಳಲ್ಲಿ ಬರುತ್ತದೆ. ಸಿಗ್ನಲ್ ಒಂದು ಪೂರ್ತಿ ಸುತ್ತು ತಿರುಗಲು ಎಷ್ಟು ಹೊತ್ತು ಇಡಬೇಕು ಎಂಬುದಕ್ಕೆ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನು ಬಿ.ಇ.ಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಅದೊಂದು ಭಿನ್ನರಾಶಿ. ಮೇಲೆ, ಹಸಿರು ಕೆಂಪಾಗುವಾಗ ನಷ್ಟವಾಗುವ ಒಟ್ಟು ಸಮಯದ ಒಂದೂವರೆ ಪಟ್ಟಿಗೆ ಐದು ಕೂಡಿಸಿದ್ದು. ಕೆಳಗೆ, ಒಂದರಿಂದ 'ವೈ' ಕಳೆದದ್ದು. ವೈ ಅಂದರೆ ರಸ್ತೆಗಳ ತಾಕತ್ತಿನಲ್ಲಿ ಎಷ್ಟು ಪಾಲನ್ನು ಬರುವ ವಾಹನಗಳು ತಿನ್ನುತ್ತಿವೆ ಎಂಬುದರ ಮೊತ್ತ. ಪರೀಕ್ಷೆಗೆ ಬರೆದು ಮರೆತುಬಿಡುತ್ತೀರಿ. ಒಮ್ಮೆ ಕೈಯಾರೆ ಹಾಕಿ ನೋಡಿ. ನಷ್ಟದ ಸಮಯ 10 ಸೆಕೆಂಡ್ ಎಂದಿಟ್ಟುಕೊಳ್ಳಿ, ಮೇಲೆ 20 ಬಂತು. ವೈ 0.65 ಇದ್ದರೆ ಸುತ್ತು 57 ಸೆಕೆಂಡ್. ಹಾಯಾಗಿದೆ. ವೈ 0.85 ಆದರೆ 133 ಸೆಕೆಂಡ್. ಬೈಕಿನವರು ಎಂಜಿನ್ ಆಫ್ ಮಾಡಿ ಫೋನ್ ತೆಗೆಯುತ್ತಾರೆ. ವೈ 0.95 ಆದರೆ 400 ಸೆಕೆಂಡ್, ಆರೂವರೆ ನಿಮಿಷಕ್ಕಿಂತ ಜಾಸ್ತಿ. ಅಷ್ಟು ಹೊತ್ತು ಕೆಂಪಿಗೆ ಯಾರೂ ಕಾಯುವುದಿಲ್ಲ, ನುಗ್ಗುತ್ತಾರೆ. ವೈ ಒಂದನ್ನು ಮುಟ್ಟಿದರೆ ಸೂತ್ರವೇ ಕೈಚೆಲ್ಲುತ್ತದೆ.

ಆ ಜಾಗವೇ ಈ ಲೇಖನದ ಗಡಿಕಲ್ಲು. ವೈ 0.65ರಿಂದ 0.85ರವರೆಗೆ ಟ್ರಾಫಿಕ್ ಎಂಜಿನಿಯರಿಗೆ ಮಾಡಲು ಬೇಕಾದಷ್ಟು ಕೆಲಸ ಇದೆ. ಬಲತಿರುವು ಬಂದ್ ಮಾಡು, ಎಡಕ್ಕೆ ಬಿಡುಗಡೆ ಕೊಡು, ಬಸ್ ನಿಲ್ದಾಣವನ್ನು ಸರ್ಕಲಿನ ಬಾಯಿಯಿಂದ ಆಚೆ ಸರಿಸು, ರೌಂಡ್ ಕಿರಿದು ಮಾಡು. ಮೈಸೂರಿನಲ್ಲಿ ಇದಕ್ಕೆ ಒಳ್ಳೇ ಪಾಠಶಾಲೆಗಳಿವೆ. ಕೆ.ಆರ್. ಸರ್ಕಲ್ಲು, ಹಾರ್ಡಿಂಜ್ ಸರ್ಕಲ್ಲು ಜಟಕಾ ಬಂಡಿಯ ಕಾಲದ ವೇಗಕ್ಕೆ, ಅರಮನೆಯ ಅಂದಕ್ಕೆ ಹೊಂದಿಸಿ ಮಾಡಿದವು. ರಿಂಗ್ ರೋಡಿನ ದೊಡ್ಡ ಜಂಕ್ಷನ್ನುಗಳು ಲಾರಿಯ ಕಾಲದವು. ಎರಡರಲ್ಲೂ ಒಂದೊಂದು ಸಂಜೆ ನಿಂತು ನೋಡಿದರೆ ಪುಸ್ತಕದ ಅರ್ಧ ಅಧ್ಯಾಯ ಓದಿದ ಹಾಗೆ. ದಸರಾ ಬಂತೆಂದರೆ ಅರಮನೆ ಸುತ್ತ ಒನ್‌ವೇ ಮಾಡುತ್ತಾರಲ್ಲ, ಅದು ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಪ್ರಯೋಗ. ಹಿಂದಿನ ವಾರ ಒಮ್ಮೆ, ಆ ವಾರ ಒಮ್ಮೆ ಎಣಿಸಿದರೆ ಒಂದು ಪ್ರಾಜೆಕ್ಟ್ ವರದಿಗೆ ಸಾಕಾಗುವಷ್ಟು ಮಾಲು ಸಿಗುತ್ತದೆ. ಯಾರೂ ಮಾಡುವುದಿಲ್ಲ, ಜಂಬೂಸವಾರಿ ನೋಡಲು ಹೋಗುತ್ತಾರೆ.

ಇದರ ದೊಡ್ಡಣ್ಣ ಸಾರಿಗೆ ಯೋಜನೆ. ಇಲ್ಲಿ ಒಂದು ಸರ್ಕಲ್ ಅಲ್ಲ, ಇಡೀ ಊರು ಲೆಕ್ಕಕ್ಕೆ. ಯಾವ ಬಡಾವಣೆಯಿಂದ ಎಷ್ಟು ಪ್ರಯಾಣ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಬಸ್ಸಿನಲ್ಲೋ ಬೈಕಿನಲ್ಲೋ, ಯಾವ ರಸ್ತೆ ಹಿಡಿದು? ಇದನ್ನೇ ನಾಲ್ಕು ಹಂತದ ಮಾದರಿ ಅನ್ನುವುದು. ಮನೆಮನೆಗೆ ಹೋಗಿ 'ನಿನ್ನೆ ಎಲ್ಲೆಲ್ಲಿ ಹೋಗಿದ್ರಿ?' ಎಂದು ಕೇಳಬೇಕು. ಕುವೆಂಪುನಗರದಲ್ಲಿ ಒಬ್ಬರು ಅಜ್ಜಿ, "ನೀನ್ಯಾರಪ್ಪ ಕೇಳೋಕೆ? ನನ್ ಮಗನೇ ಕೇಳಲ್ಲ" ಎಂದು ಗೇಟು ಹಾಕಿದರು. ಮರುದಿನ ಹೋದಾಗ ಅವರೇ ಕೂರಿಸಿ ಕಾಫಿ ಕೊಟ್ಟು, ಸೊಸೆ ಯಾವ ಬಸ್ಸಿಗೆ ಹೋಗುತ್ತಾಳೆ, ಎಷ್ಟು ಹೊತ್ತು ಕಾಯುತ್ತಾಳೆ ಎಲ್ಲ ಹೇಳಿದರು. ದತ್ತಾಂಶ ಅಂದರೆ ಬಹಳ ಸಲ ಇಷ್ಟೇ.

ಕಲಿಯಬೇಕಾದ ತಂತ್ರಾಂಶಗಳು ವಿಸಿಮ್, ವಿಸಮ್, ಟ್ರಾನ್ಸ್‌ಕ್ಯಾಡ್. ದುಡ್ಡಿಲ್ಲದವರಿಗೆ ಪುಕ್ಕಟೆಯ ಸುಮೋ. ಸಂಖ್ಯಾಶಾಸ್ತ್ರ ಕಂಡರೆ ಆಗದವರು ಈ ಕಡೆ ಬರಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಎರಡನೇ ಸೆಮಿಸ್ಟರಿಗೇ ಅಳು ಬರುತ್ತದೆ.

ನೆಲದ ಕಡೆಯವರು

ವೈ ಒಂದನ್ನು ಮುಟ್ಟಿದ ಮೇಲೆ ಏನು? ಇಷ್ಟೊಂದು ಗಾಡಿ ಈ ಸರ್ಕಲಿಗೇ ಯಾಕೆ ಬರುತ್ತಿವೆ ಎಂದು ಕೇಳಬೇಕಾಗುತ್ತದೆ. ಶಾಲೆ ಒಂದು ಕಡೆ, ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇಟ್ಟವರು ಯಾರು? ನಗರ ಯೋಜನೆ ಶುರುವಾಗುವುದು ಅಲ್ಲಿಂದ. ಇಲ್ಲಿ ಉತ್ತರ ಬರುವುದು ಇಪ್ಪತ್ತು ವರ್ಷಕ್ಕೆ. ಬಂದಾಗ ನೀವು ಆ ಹುದ್ದೆಯಲ್ಲಿ ಇರುವುದೂ ಇಲ್ಲ.

ಮೈಸೂರಿನವರಿಗೆ ಇದು ಹೊಸದಲ್ಲ. 1890ರ ದಶಕದ ಕೊನೆಗೆ ಪ್ಲೇಗ್ ಬಂದು ಕೋಟೆ ಸುತ್ತಲಿನ ಇಕ್ಕಟ್ಟು ಬೀದಿಗಳು ಖಾಲಿಯಾದ ಮೇಲೆ ಊರನ್ನು ಬಿಡಿಸಿ ಹರಡುವ ಕೆಲಸ ಜೋರಾಯಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ದೇಶದಲ್ಲಿ ಮೊದಮೊದಲು ಹುಟ್ಟಿದ ಇಂಥ ಸಂಸ್ಥೆಗಳಲ್ಲಿ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಮನೆ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳನ್ನು ನೋಡಿದ್ದೀರಲ್ಲ? ಮಕ್ಕಳು ಕ್ರಿಕೆಟ್ ಆಡುವ ಜಾಗ ಎಂದುಕೊಂಡಿರುತ್ತೀರಿ. ಬೀದಿಗೆ ಗಲೀಜು ಬರದ ಹಾಗೆ ಹಿಂಬದಿಯಿಂದಲೇ ಸಾಗಿಸಲು ಬಿಟ್ಟ ದಾರಿ ಅದು. ಗಾಳಿ, ಬೆಳಕು, ಚರಂಡಿ ಇವುಗಳಿಂದ ರೋಗ ತಡೆಯಬಹುದು ಎಂದು ನಂಬಿದ ಕಾಲದ ಯೋಜನೆ ಆ ಗಲ್ಲಿಯ ಅಗಲದಲ್ಲಿ ಇನ್ನೂ ನಿಂತಿದೆ.

ಈಗಿನ ಯೋಜಕರ ಮೇಜಿನ ಮೇಲೆ ಎರಡು ನಕಾಶೆ ಇರುತ್ತವೆ. ಒಂದು ಬಣ್ಣ ಹಚ್ಚಿದ ಮಾಸ್ಟರ್ ಪ್ಲಾನ್, ಜನ ಇನ್ನೂ ಸಿ.ಡಿ.ಪಿ. ಎಂದೇ ಕರೆಯುತ್ತಾರೆ. ಹಳದಿ ಅಂದರೆ ವಾಸ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಇನ್ನೊಂದು ಮಾಸಿದ ಗ್ರಾಮ ನಕಾಶೆ, ಸರ್ವೆ ನಂಬರು, ಓಣಿ, ಕೆರೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ಇರುವಂಥದ್ದು. ಮೊದಲನೆಯದರಲ್ಲಿ ಎಳೆದ 24 ಮೀಟರ್ ರಸ್ತೆಯ ಗೆರೆ ಎರಡನೆಯದರಲ್ಲಿ ಯಾರ ಜಮೀನಿನ ಮೇಲೆ ಹೋಗುತ್ತದೆ ಎಂದು ನೋಡುವುದೇ ಅರ್ಧ ಕೆಲಸ. ಮೈಸೂರಿನ ಹೊರವಲಯದ ಹಳ್ಳಿಯೊಂದರ ಸಭೆಗೆ ಯೋಜಕರ ಜೊತೆ ಹೋಗಿದ್ದೆ. ಟ್ರಾಫಿಕ್ ಭಾಗ ನನ್ನದು. ಪರದೆ ಮೇಲೆ ಬಣ್ಣಬಣ್ಣದ ಮಾದರಿ ತೋರಿಸಿ, 2031ರಲ್ಲಿ ಇಷ್ಟು ಪಿ.ಸಿ.ಯು. ಬರುತ್ತೆ ಎಂದು ವಿವರಿಸಿದೆ. ಹಿಂದೆ ಟವೆಲ್ ಹೊದ್ದು ಕೂತಿದ್ದ ಒಬ್ಬ ಯಜಮಾನರು ಎದ್ದು ಬಂದು ನಕಾಶೆ ಮೇಲೆ ಬೆರಳಿಟ್ಟು, "ನಿಮ್ ಗೆರೆ ನಮ್ ಬೋರ್‌ವೆಲ್ ಮ್ಯಾಲೇ ಬಿದ್ದದಲ್ಲ ಸ್ವಾಮಿ, ಒಂದ್ ಮಾರು ಆಚ್ಗೆ ಎಳೀರಿ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಯೋಜಕಿಯ ಹತ್ತಿರ ಇತ್ತು. ಅವರು ಪಹಣಿ ತರಿಸಿ, ಪಕ್ಕದ ಸರ್ವೆ ನಂಬರಿನ ಖರಾಬು ಎಷ್ಟಿದೆ ಕೇಳಿ, ಆಕ್ಷೇಪಣೆ ಬರೆದುಕೊಡಿ ಎಂದು ಅವರ ಕೈಗೇ ಹಾಳೆ ಕೊಟ್ಟು ಕೂರಿಸಿದರು. ಆ ಸಭೆ ಮೂರು ಗಂಟೆ ನಡೆಯಿತು. ನಾನು ಮಾತಾಡಿದ್ದು ಹತ್ತು ನಿಮಿಷ.

ಹಾಗಾಗಿ ಪ್ಲಾನಿಂಗ್ ಅಂದರೆ ಚಂದದ ನಕ್ಷೆ ಬರೆಯುವುದು ಎಂದುಕೊಂಡು ಹೋಗಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಓದಬೇಕು, ಜನರ ಬೈಗುಳ ಕೇಳಬೇಕು, ಒಂದೇ ಕಡತವನ್ನು ಹತ್ತು ಸಲ ತಿದ್ದಬೇಕು. ನಕಾಶೆ ಮಾಡುವ ತಂತ್ರಾಂಶ ಕ್ಯೂ.ಜಿ.ಐ.ಎಸ್. ಕಲಿಯುವುದು ಇದಕ್ಕೆ ಹೋಲಿಸಿದರೆ ಸುಲಭ. ಸಿವಿಲ್‌ನಿಂದ ಹೋದವರಿಗೆ ಮೊದಲ ಸೆಮಿಸ್ಟರ್ ಸ್ವಲ್ಪ ಉಸಿರುಕಟ್ಟುತ್ತದೆ. ಪಕ್ಕದಲ್ಲಿ ಕೂತ ಆರ್ಕಿಟೆಕ್ಟ್‌ಗಳು ಸ್ಕೆಚ್ ಗೀಚುತ್ತಿರುತ್ತಾರೆ, ಅರ್ಥಶಾಸ್ತ್ರ ಓದಿದವರು ವಾದ ಮಾಡುತ್ತಿರುತ್ತಾರೆ, ನಾವು ಕ್ಯಾಲ್ಕುಲೇಟರ್ ಹಿಡಿದು ಕೂತಿರುತ್ತೇವೆ. ಚರಂಡಿಯ ಇಳಿಜಾರು, ನೀರಿನ ಲೆಕ್ಕ ಬಂದಾಗ ನಮ್ಮ ಸರದಿ.

ಒಂದೇ ಹೆದ್ದಾರಿ, ಮೂರು ಕನ್ನಡಕ

ಅನುಮಾನ ಉಳಿದವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ನೋಡಿ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾದ, ಸುಮಾರು 118 ಕಿ.ಮೀ.ನ ರಸ್ತೆ. ನಡುವೆ ಆರು ಪಥ, ಅಕ್ಕಪಕ್ಕ ಸರ್ವಿಸ್ ರೋಡು. ನೀರು ಹೋಗುತ್ತದಾ, ಚಕ್ರದ ಗೀರು ಬಿದ್ದಿದೆಯಾ ಎಂದು ಮೊದಲು ಕಣ್ಣು ಹೋದರೆ ನೀವು ಪೇವ್‌ಮೆಂಟಿನವರು. ಆ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದರಲ್ಲ, ನೂರರ ವೇಗದ ಕಾರೂ ಮೂವತ್ತರ ಟ್ರ್ಯಾಕ್ಟರೂ ಒಂದೇ ಪಥದಲ್ಲಿ ಓಡಿದರೆ ಆಗುವ ಅನಾಹುತದ ಲೆಕ್ಕ ತಲೆಗೆ ಬಂದರೆ ಟ್ರಾಫಿಕ್ಕಿನವರು. ಬೈಪಾಸ್ ಆದಮೇಲೆ ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲುತ್ತಿದ್ದವರು ಎಲ್ಲಿ ಹೋದರು, ಈ ಕಡೆ ಮನೆ ಆ ಕಡೆ ಗದ್ದೆ ಇರುವ ರೈತ ದಿನಾ ಎಷ್ಟು ಸುತ್ತಬೇಕು, ಇಳಿಯುವ ಜಾಗದ ಸುತ್ತ ಜಮೀನು ಯಾಕೆ ಲೇಔಟ್ ಆಗುತ್ತಿದೆ ಎಂಬುದು ಕಾಡಿದರೆ ಪ್ಲಾನಿಂಗಿನವರು. ಮೂರೂ ಕಾಡಿದರೆ ಸಾರಿಗೆ ಯೋಜನೆ ತಗೊಳ್ಳಿ, ಅದಕ್ಕೆ ಎರಡೂ ಕಡೆ ಬಾಗಿಲಿದೆ.

ಸೀಟಿನ ವಿಷಯ

ಬೇಗ ಮುಗಿಸುತ್ತೇನೆ. ಪೇವ್‌ಮೆಂಟ್, ಟ್ರಾಫಿಕ್ ಎರಡಕ್ಕೂ ಗೇಟ್‌ನ ಸಿವಿಲ್ ಪೇಪರ್ ದಾರಿ. ಸುರತ್ಕಲ್ ಎನ್.ಐ.ಟಿ.ಕೆ., ವಾರಂಗಲ್ ಮತ್ತು ಕ್ಯಾಲಿಕಟ್ ಎನ್.ಐ.ಟಿ.ಗಳು, ಮದ್ರಾಸ್, ಬಾಂಬೆ, ರೂರ್ಕಿ ಐ.ಐ.ಟಿ.ಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಸಾಲಿನವು. ಗೇಟ್‌ನಲ್ಲಿ ಒಳ್ಳೇ ಅಂಕ ಬರದಿದ್ದರೆ ರಾಜ್ಯದ ಪ್ರವೇಶ ಪರೀಕ್ಷೆ ಪಿ.ಜಿ.ಸಿ.ಇ.ಟಿ. ಇದೆ. ಗೇಟ್ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಮನೆಯಲ್ಲಿ ಕೇಳುವುದು ತಪ್ಪುತ್ತದೆ.

ಪ್ಲಾನಿಂಗಿಗೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಹೆಸರುವಾಸಿ. ಎರಡರಲ್ಲೂ ಸಾರಿಗೆಯನ್ನೇ ವಿಶೇಷವಾಗಿ ಓದಬಹುದು. ಅಷ್ಟು ದೂರ ಬೇಡ ಎನ್ನುವವರಿಗೆ ಮಾನಸಗಂಗೋತ್ರಿಯಲ್ಲೇ, ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ, ನಗರ ಮತ್ತು ಪ್ರಾದೇಶಿಕ ಯೋಜನೆಯ ಎಂ.ಟೆಕ್. ಇದೆ. ಮೈಸೂರಿನ ಎಷ್ಟೋ ಸಿವಿಲ್ ಹುಡುಗರಿಗೆ ಅದು ಇರುವುದೇ ಗೊತ್ತಿಲ್ಲ, ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಮಾತ್ರ ಹೋಗುತ್ತಾರೆ. 2021ರಿಂದ ಗೇಟ್‌ನಲ್ಲಿ ಎರಡು ಪೇಪರ್ ಬರೆಯುವ ಅವಕಾಶ ಇರುವುದರಿಂದ ಸಿವಿಲ್ ಜೊತೆಗೆ ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರನ್ನೂ ಕಟ್ಟಿಡಿ. ಯಾವ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಿಕೊಳ್ಳಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಸರ್ಕಾರಿ ಕೆಲಸದ ಮೇಲೆ ಕಣ್ಣಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗೂ ಲೋಕೋಪಯೋಗಿಗೂ ಕೇಳುವ ಅರ್ಹತೆ ಬೇರೆ ಬೇರೆ. ಕೆ.ಪಿ.ಎಸ್.ಸಿ.ಯ ಹಳೇ ಅಧಿಸೂಚನೆಗಳನ್ನು ತೆಗೆದು ಓದಿದ ಮೇಲೇ ಪದವಿಯ ಹೆಸರು ಆರಿಸಿ.

ನನ್ನ ಒಂದು ಹಟ: ಪ್ಲಾನಿಂಗಿಗೆ ಹೋಗುವವರು ನೇರವಾಗಿ ಹೋಗಬೇಡಿ. ಒಂದು ವರ್ಷ ಸೈಟಿನಲ್ಲೋ ಸಮೀಕ್ಷೆಯಲ್ಲೋ ಕೆಲಸ ಮಾಡಿ. ಒಂದು ಚರಂಡಿಯ ಮಟ್ಟವನ್ನೂ ಹಿಡಿಯದವರು ಊರಿಗೆ ಗೆರೆ ಎಳೆದರೆ ಆ ಗೆರೆ ಕಾಗದದಲ್ಲೇ ಉಳಿಯುತ್ತದೆ. ಇದನ್ನು ಒಪ್ಪದ ಪ್ಲಾನರ್ ಗೆಳೆಯರು ನನಗಿದ್ದಾರೆ, ಜಗಳ ಇನ್ನೂ ಮುಗಿದಿಲ್ಲ.

ಇನ್ನೂ ತೀರ್ಮಾನ ಆಗಿಲ್ಲ ಎನ್ನುವವರಿಗೆ ಒಂದು ಹಳೇ ಪರೀಕ್ಷೆ ಕೊಡುತ್ತೇನೆ. ಒಂದು ರಟ್ಟು, ಒಂದು ಹಾಳೆ ತಗೊಂಡು ನಿಮ್ಮ ಮನೆ ಹತ್ತಿರದ ಸರ್ಕಲಿನಲ್ಲಿ ಬೆಳಗ್ಗೆ ಎರಡು ಗಂಟೆ ಎಣಿಸಿ. ಬಲತುದಿಯಲ್ಲಿ 'ರಿಮಾರ್ಕ್ಸ್' ಎಂದು ಒಂದು ಕಾಲಂ ಬಿಡಿ, ಅಲ್ಲಿ ಏನು ಬೇಕಾದರೂ ಬರೆಯಬಹುದು. ಹುಡುಗರು ಹಾಳೆ ತಂದುಕೊಟ್ಟಾಗ ನಾನು ಎಣಿಕೆ ನೋಡುವುದೇ ಇಲ್ಲ, ಆ ಕಾಲಂ ಓದುತ್ತೇನೆ. ಹೋದ ವರ್ಷ ಒಂದೇ ಸರ್ಕಲಿನಿಂದ ಮೂರು ಹಾಳೆ ಬಂದವು. ಒಂದರಲ್ಲಿ, 'ಜೀಬ್ರಾ ಪಕ್ಕ ಡಾಂಬರು ಎದ್ದಿದೆ, ಕೆಳಗೆ ಪೈಪ್ ಸೋರ್ತಿರಬೇಕು.' ಇನ್ನೊಂದರಲ್ಲಿ, '8.40ಕ್ಕೆ ಎರಡು ಬಸ್ ಒಟ್ಟಿಗೆ ಬಂದವು, ಆಮೇಲೆ 25 ನಿಮಿಷ ಒಂದೂ ಇಲ್ಲ.' ಮೂರನೇ ಹಾಳೆಯವಳು ಎಣಿಸುವುದನ್ನು ಒಂಬತ್ತಕ್ಕೇ ನಿಲ್ಲಿಸಿಬಿಟ್ಟಿದ್ದಳು. ಆದರೆ ಕಾಲಂ ತುಂಬಿ ಹಾಳೆಯ ಹಿಂಬದಿಗೂ ಹೋಗಿತ್ತು: 'ಹೂವಿನ ಅಂಗಡಿ ಆಂಟಿ ಹೇಳಿದ್ರು, ಹಿಂದಿನ ಖಾಲಿ ಜಾಗ ಪಾರ್ಕಿಗೆ ಅಂತ ಇತ್ತಂತೆ, ಈಗ ಅಲ್ಲಿ ಶಾಲೆ ಬರ್ತಿದೆಯಂತೆ, ಸರ್ವೆ ನಂಬರ್ ಕೇಳ್ಕೊಂಡು ಬಂದಿದೀನಿ.'